ಯೂಸುಫ್ ಆದಿಲ್ ಖಾನನ ಜನ್ಮವಿವಾದ

ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ಬೀದರಿನ ಬಹಮನಿ ಆಸ್ಥಾನಕ್ಕೆ ಕ್ರೀತದಾಸನಾಗಿ ಬಂದು, ಅಲ್ಲಿ ಕುದುರೆಲಾಯದಿಂದ ಮೊದಲುಮಾಡಿ ಸರದಾರ ಪದವಿಯವರೆಗೆ ಏರಿ, ಕಡೆಗೆ ವಿಜಾಪುರದಲ್ಲಿ ಸ್ವತಂತ್ರ ರಾಜ್ಯವೊಂದಕ್ಕೆ ಅಸ್ತಿಭಾರವನ್ನಿಟ್ಟ ಯೂಸುಫ್ ಆದಿಲ್ ಖಾನನ ತಂದೆ ಯಾರೆಂಬ ವಿಷಯವಾಗಿ ಪಾರಸಿ ಚರಿತ್ರಕಾರರೊಳಗೆ ತಲೆದೋರಿದ ಭಿನ್ನಾಭಿಪ್ರಾಯವನ್ನು ಈ ಹೆಸರಿನಿಂದ ಕರೆಯುವುದುಂಟು. ಅವನು ಆಟೊಮನ್ ತುರ್ಕಿಯ ಸುಲ್ತಾನ ಎರಡನೆಯ ಮುರಾದನ ಮಗನೆಂದು ಒಂದು ಪಕ್ಷ. ಪಾರಸೀಕ ದೇಶದ ಸಾವಾ ಪಟ್ಟಣದ ಅಧಿಕಾರಿ ಮಹಮೂದ್ ಬೇಗನ ಮಗನೆಂದು ಇನ್ನೊಂದು ಪಕ್ಷ. ಮಾರಾಟವಾದಾಗ ಅವನಿಗೆ ಅಂಟಿಸಿದ್ದ ಗುರುತನ್ನೇ ನಂಬುವುದಾದರೆ ಜಾರ್ಜಿಯಾ ನಾಡಿನ ಯಾವನೋ ಅನಾಮಧೇಯನ ಮಗನೆಂದು ಮತ್ತೊಂದು. ನದೀಮೂಲ ಋಷಿಮೂಲಗಳನ್ನು ಹುಡುಕಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ದಖನಿನ ಚರಿತ್ರೆಯನ್ನು ಓದಿದವನು ಆ ಪಟ್ಟಿಗೆ ಸರದಾರಮೂಲವನ್ನೂ ಸೇರಿಸಲು ಬಯಸಿದರೆ ಆಶ್ಚರ್ಯವಿಲ್ಲ. ಆದರೂ ಹುಡುಕುವುದರಲ್ಲಿ ಪ್ರಯೋಜನವುಂಟು. ಮೂಲವು ಸಿಕ್ಕದೆ ಹೋದರೂ, ಅದನ್ನು ಹುಡುಕಿಸಿದವರು ಯಾರು, ಯಾವ ಕಾಲದಲ್ಲಿ, ಯಾವ ಕಾರಣದಿಂದ ಎಂಬುದು ಸ್ಪಷ್ಟವಾಗಿ ಸಿಕ್ಕುತ್ತದೆ.

ಈ ವಿವಾದವನ್ನು ತಿಳಿಯಬೇಕಾದರೆ ಅಂದಿನ ಬೀದರಿನ ರೀತಿನೀತಿಗಳನ್ನು ಮೊದಲು ತಿಳಿಯಬೇಕು. ಬಹಮನಿ ಸೈನ್ಯದ ಜೀವಾಳವಾಗಿದ್ದ ಕುದುರೆಗಳು ಹೊರ್ಮುಜ್ ದ್ವೀಪದ ಬಂದರಿನಿಂದ ಹಡಗೇರಿ ದಾಭೋಳ, ಗೋವೆ ಮೊದಲಾದ ಪಶ್ಚಿಮತೀರದ ಬಂದರುಗಳಿಗೆ ಬಂದಿಳಿಯುತ್ತಿದ್ದುವು. ಅದೇ ಹಡಗುಗಳಲ್ಲಿ ಅವುಗಳನ್ನು ಏರಬಲ್ಲ ಯುವಕರೂ ಬರುತ್ತಿದ್ದರು, ಕೆಲವರು ಭಾಗ್ಯವನ್ನರಸಿ ತಾವಾಗಿಯೇ, ಕೆಲವರು ವರ್ತಕರ ಸರಕಾಗಿ. ಹೀಗೆ ಬಂದವರಿಗೆ ಅಫಾಕಿಗಳೆಂದೂ, ಹಿಂದೆಯೇ ಬಂದು ನೆಲೆಯಾದವರಿಗೂ ದೇಶೀಯ ಮುಸಲ್ಮಾನರಿಗೂ ದಖನಿಗಳೆಂದೂ ಹೆಸರಾಗಿ, ಈ ಎರಡು ಪಂಗಡಗಳ ವೈರವು ಆಸ್ಥಾನದ ನಿತ್ಯವ್ಯಾಧಿಯಾಗಿ ಪರಿಣಮಿಸಿತ್ತು. ಕೊಂಡುತಂದ ದಾಸನಿಗೆ ಆ ಆಸ್ಥಾನದಲ್ಲಿ ಒಡೆಯನ ಹೆಸರು ಇರುತ್ತಿತ್ತೇ ಹೊರತು ತಂದೆಯ ಹೆಸರು ಇರಬೇಕಾದ ಅಗತ್ಯವಿರಲಿಲ್ಲ. ಅವನ ಕುಲವನ್ನು ಕೇಳುವವರಿರಲಿಲ್ಲ. ಕತ್ತಿಯ ಕೈವಾಡವನ್ನೂ ಒಡೆಯನಲ್ಲಿಟ್ಟ ನಿಷ್ಠೆಯನ್ನೂ ನೋಡಿ ಪದವಿ ಕೊಡುತ್ತಿದ್ದರು. ಯೂಸುಫನ ಒಡೆಯನಾದ ಮಹಮೂದ್ ಗವಾನನಾದರೋ ತಾನೇ ಗೀಲಾನ್ ಪ್ರಾಂತದಿಂದ ವರ್ತಕನಾಗಿ 1453ರಲ್ಲಿ ದಾಭೋಳಕ್ಕೆ ಬಂದಿಳಿದು, ಮುಂದೆ ಮೂರನೆಯ ಮುಹಮ್ಮದ್ ಷಹನ ಪ್ರಧಾನಮಂತ್ರಿಯಾಗಿ ರಾಜ್ಯವನ್ನೆಲ್ಲ ನಡೆಸಿದವನು; ಬೀದರಿನಲ್ಲಿ ಇಂದಿಗೂ ಅರ್ಧ ನಿಂತಿರುವ ಮದರಸವನ್ನು 1472ರಲ್ಲಿ ಕಟ್ಟಿಸಿದವನು. ಅವನ ಆಶ್ರಯದಲ್ಲಿ ಯೂಸುಫನು ರಾಜಾಶ್ವಶಾಲೆಯ ಅಧಿಕಾರಿಯಾದನು. ವರ್ಹಾಡದ ಖೇರ್ಲಾ ಕೋಟೆಯ ಯುದ್ಧದಲ್ಲಿ ದಂಡನಾಯಕನೇ ಮಡಿದ ಮೇಲೂ ಸೇನೆಯನ್ನು ಚೆದರಗೊಡದೆ ಕೊಳ್ಳೆಯ ಸಮೇತ ರಾಜಧಾನಿಗೆ ಮರಳಿ ಖ್ಯಾತಿ ಪಡೆದನು. ದೌಲತಾಬಾದಿನ ಅಧಿಕಾರವನ್ನೂ ವಹಿಸಿದನು. 1481ರ ಏಪ್ರಿಲಿನಲ್ಲಿ, ದಖನಿ ಪಂಗಡದವರು ಹೂಡಿದ ಕಪಟಪತ್ರದ ತಂತ್ರಕ್ಕೆ ಸಿಕ್ಕಿದ ಸುಲ್ತಾನನು ವೃದ್ಧ ಗವಾನನ ಶಿರಚ್ಛೇದ ಮಾಡಿಸಿದಮೇಲೆ, ಯೂಸುಫನು ವಿಜಾಪುರದ ತರಫನ್ನು, ಎಂದರೆ ಪ್ರಾಂತವನ್ನು, ಕೈಗೆ ತೆಗೆದುಕೊಂಡು ದೂರದಲ್ಲಿ ನಿಂತನು; 1490ರ ಹೊತ್ತಿಗೆ ಸ್ವತಂತ್ರನಾದನು. ಇಷ್ಟರವರೆಗೆ ಎಲ್ಲಿಯೂ ತಂದೆಯ ಮಾತು ಬರುವುದಿಲ್ಲ.

ಬರುವುದು ಫಿರಿಸ್ತಾನ ಗ್ರಂಥದಲ್ಲಿ. ಮುಹಮ್ಮದ್ ಕಾಸಿಂ ಫಿರಿಸ್ತಾ 1589ರ ಸುಮಾರಿಗೆ ಅಹಮದ್‌ನಗರವನ್ನು ಬಿಟ್ಟು ವಿಜಾಪುರಕ್ಕೆ ಬಂದು, ಎರಡನೆಯ ಇಬ್ರಾಹಿಂ ಆದಿಲ್ ಷಹನ ಅಪ್ಪಣೆಯಿಂದ 'ಗುಲ್ಶನ್-ಇ-ಇಬ್ರಾಹೀಮಿ' ಎಂಬ ಬೃಹತ್ ಚರಿತ್ರೆಯನ್ನು ಹದಿನೇಳನೆಯ ಶತಮಾನದ ಮೊದಲ ದಶಕದಲ್ಲಿ ಮುಗಿಸಿದವನು. ಯೂಸುಫನು ಕಾಲವಾಗಿ ಆಗಲೇ ತೊಂಬತ್ತು ವರ್ಷಗಳ ಮೇಲಾಗಿತ್ತು. ಫಿರಿಸ್ತಾ ಹೇಳುವ ಕಥೆಯ ಸಾರಾಂಶವಿದು: ಮುರಾದನು ತೀರಿಕೊಂಡು ಹಿರಿಯ ಮಗ ಮುಹಮ್ಮದನು (ಮುಂದೆ ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದವನು) ಪಟ್ಟಕ್ಕೆ ಬಂದಾಗ, ಮಂತ್ರಿಗಳು ಕಿರಿಯ ರಾಜಕುಮಾರನು ಬದುಕಿರುವುದು ಸಿಂಹಾಸನಕ್ಕೆ ಅಪಾಯವೆಂದು ಬೋಧಿಸಿದರು. ವಧೆಯ ಆಜ್ಞೆಯೊಡನೆ ಅಂತಃಪುರದ ಬಾಗಿಲಿಗೆ ಬಂದವರನ್ನು ತಾಯಿಯು ಒಂದು ದಿನದ ಅವಧಿ ಬೇಡಿ ನಿಲ್ಲಿಸಿ, ಸಾವಾ ಪಟ್ಟಣದ ವರ್ತಕ ಖ್ವಾಜಾ ಇಮಾದುದ್ದೀನನನ್ನು ಗುಟ್ಟಾಗಿ ಕರೆಯಿಸಿ, ಅವನಲ್ಲಿದ್ದ ದಾಸಬಾಲಕರೊಳಗೆ ತನ್ನ ಮಗನ ಹೋಲಿಕೆಯುಳ್ಳ ಒಬ್ಬನನ್ನು ಕೊಂಡು, ಮಗನನ್ನು ವರ್ತಕನ ಕೈಗಿತ್ತು ಆ ರಾತ್ರಿಯೇ ಸಾಗಿಸಿಬಿಟ್ಟಳು. ಮರುದಿನ ಕೊಲೆಯಾದವನು ಆ ಬಡ ದಾಸ. ರಾಜಕುಮಾರನಾದರೋ ಅರ್ದಬೀಲಿನಲ್ಲಿ ಶೇಖ್ ಸಫಿಯ ಪರಂಪರೆಯ ಗುರುಪೀಠದ ಅನುಗ್ರಹವನ್ನು ಪಡೆದು, ಸಾವಾದಲ್ಲಿ ವರ್ತಕನ ಮಕ್ಕಳೊಡನೆ ವಿದ್ಯೆ ಕಲಿತು ಬೆಳೆದನು. ಗುಟ್ಟು ಹೊರಬೀಳುವ ಭಯ ಹುಟ್ಟಿದಾಗ ಊರೂರು ಅಲೆದು, ಸ್ವಪ್ನದಲ್ಲಿ ದಿವ್ಯಪುರುಷನಾದ ಖಿಜ್ರನು ಹಿಂದೂಸ್ಥಾನಕ್ಕೆ ಹೋಗೆಂದು ಆಜ್ಞಾಪಿಸಿದ ಮೇರೆಗೆ ಹೊರ್ಮುಜಿನಿಂದ ಹಡಗೇರಿ, ಹಿಜರಿ 864ರಲ್ಲಿ, ಎಂದರೆ ಕ್ರಿ.ಶ. 1459–60ರಲ್ಲಿ, ದಾಭೋಳಕ್ಕೆ ಬಂದನು. ಅಲ್ಲಿಂದ ಬೀದರಿಗೆ ಬಂದು ಜಾರ್ಜಿಯಾದ ದಾಸನೆಂಬ ಹೆಸರಿನಲ್ಲಿ ಗವಾನನಿಗೆ ಮಾರಾಟವಾದನು.

ಕಥೆ ರಮಣೀಯವಾಗಿದೆ. ತಾಯಿ ಬಚ್ಚಿಟ್ಟ ಮಗ, ಬದಲಿಗೆ ಬಲಿಯಾದ ಕೂಸು, ಹೊಳೆದಾಟಿ ಬೆಳೆದ ರಾಜವಂಶದ ಕುಡಿ, ಇವೆಲ್ಲ ಮಥುರೆಯ ಸೆರೆಮನೆಯ ಕಥೆಯನ್ನು ಕೇಳಿ ಬೆಳೆದ ನಮಗೆ ಎಲ್ಲಿಯೋ ಪರಿಚಿತವೆಂದೇ ತೋರುತ್ತವೆ. ಬದಲಿಗೆ ಸತ್ತ ಆ ಹುಡುಗನ ಹೆಸರನ್ನು ಮಾತ್ರ ಕಥೆಗಾರನು ಹೇಳುವುದಿಲ್ಲ; ಅವನ ತಂದೆ ಯಾರೆಂದು ಯಾವ ಪಕ್ಷವೂ ವಿಚಾರಿಸಿಲ್ಲ.

ಅದೇ ಇಬ್ರಾಹಿಮನ ಆಶ್ರಯದಲ್ಲಿ, ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ, ವಿಜಾಪುರದಲ್ಲಿ ಬಹುಕಾಲ ಸೇವೆಮಾಡಿದ ರಫೀಉದ್ದೀನ್ ಶೀರಾಜಿಯು 'ತಜ್ಕಿರತ್-ಉಲ್-ಮುಲೂಕ್' ಎಂಬ ಗ್ರಂಥವನ್ನು ಬರೆದನು. ಅವನ ಪ್ರಕಾರ ಯೂಸುಫನು ಸಾವಾದ ಮಹಮೂದ್ ಬೇಗನ ಮಗ, ಎಂದರೆ ಪಾರಸೀಕದ ತುರ್ಕಮಾನ್ ಅಧಿಕಾರಿ ಮನೆತನದವನು. ಆ ನಾಡಿನ ರಾಜಕೀಯ ವಿಪ್ಲವಗಳಲ್ಲಿ ಮನೆಮಠ ಕಳೆದುಕೊಂಡು ಬಂದವನು. ಒಬ್ಬನೇ ಒಡೆಯನ ಉಪ್ಪುಂಡ ಇಬ್ಬರು ಚರಿತ್ರಕಾರರು ಒಡೆಯನ ಮುತ್ತಜ್ಜಂದಿರ ವಿಷಯದಲ್ಲಿ ಎರಡು ಮಾತು ಬರೆದುದೂ, ಒಡೆಯನು ಎರಡನ್ನೂ ಸಹಿಸಿದುದೂ ಈ ಪ್ರಸಂಗದ ಒಂದು ವಿಶೇಷವೆಂದು ಭಾವಿಸಬಹುದು. ಎರಡು ಕಥೆಗಳಲ್ಲಿಯೂ ಕದಲದೆ ನಿಂತಿರುವ ಅಂಶವೆಂದರೆ ಸಾವಾ ಪಟ್ಟಣ. ಗೋವೆಯನ್ನು ಯೂಸುಫನಿಂದ ಕಿತ್ತುಕೊಂಡ ಪೋರ್ಚುಗೀಸರೂ ಅವನನ್ನು 'ಸಬಾಯೊ' ಎಂದೇ ಕರೆದರು. ಅದು 'ಸಾವಾಯಿ', ಎಂದರೆ ಸಾವಾದವನು, ಎಂಬುದರ ಅಪಭ್ರಂಶ. ಈ ಬಿರುದನ್ನು ನಮ್ಮ ಕಡೆಯ ಜನ ಬೇರೆಯೇ ರೀತಿಯಾಗಿ ಅರ್ಥಮಾಡಿಕೊಂಡರೆಂದು ಫಿರಿಸ್ತಾ ತುಸು ನಗುತ್ತಲೇ ಬರೆದಂತಿದೆ: 'ಸವಾಯಿ' ಎಂದರೆ ಒಂದೂಕಾಲು, ಉಳಿದ ಸರದಾರರೆಲ್ಲ ಒಂದೊಂದು ತೂಕವಾದರೆ ಇವನು ಅವರಿಗಿಂತ ಕಾಲುಪಾಲು ಮಿಗಿಲು! ಊರಿನ ಹೆಸರು ಅಳತೆಯ ಹೆಸರಾಗಿ, ಹುಟ್ಟಿನ ಗುರುತು ಪರಾಕ್ರಮದ ಗುರುತಾಗಿ ಮಾರ್ಪಟ್ಟ ಈ ಶಬ್ದಚಮತ್ಕಾರದಲ್ಲಿ ಪಾರಸಿ ವಂಶಾವಳಿಗಳೆರಡರಲ್ಲಿಯೂ ಇಲ್ಲದ ಒಂದು ನ್ಯಾಯಬುದ್ಧಿ ಇದೆಯೆಂದು ನನಗೆ ತೋರುತ್ತದೆ.

ಆಟೊಮನ್ ಕಥೆಯನ್ನು ಪರೀಕ್ಷಿಸುವುದು ಕಷ್ಟವಲ್ಲ. ಮುರಾದನು 1451ರ ಫೆಬ್ರವರಿಯಲ್ಲಿ ಮೃತನಾದುದೂ, ಹೊಸ ಸುಲ್ತಾನನು ತನ್ನ ಮಲತಮ್ಮನನ್ನು ಕೊಲ್ಲಿಸಿದುದೂ ನಿಜವೇ. ರಾಜ್ಯದ ಶಾಂತಿಗಾಗಿ ಸೋದರವಧೆ ಮಾಡಬಹುದೆಂಬ ವಿಧಿಯೂ ಅವನ ಕಾಲದ ಶಾಸನಸಂಗ್ರಹದಲ್ಲಿಯೇ ಸೇರಿತು. ಆದರೆ ಕೊಲೆಯಾದ ಆ ಕುಮಾರನ ಹೆಸರು ಅಹ್ಮದ್, ಮತ್ತು ಅವನಿನ್ನೂ ಎಳೆಯ ಕೂಸು. ಯೂಸುಫನು ಹಿಜರಿ 916ರಲ್ಲಿ ಎಪ್ಪತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡನೆಂದು ಹೇಳುವವನೂ ಫಿರಿಸ್ತಾನೇ. ಆ ಲೆಕ್ಕದಂತೆ ಅವನು ಹುಟ್ಟಿದ್ದು 1437ರ ಸುಮಾರಿಗೆ, ಮುರಾದನು ಸತ್ತಾಗ ಅವನಿಗೆ ಸುಮಾರು ಹದಿಮೂರು ವರ್ಷ. ಹಸುಗೂಸುಗಳನ್ನು ಅದಲುಬದಲು ಮಾಡಿ ಕೊಲೆಗಡುಕರ ಕಣ್ಣಿಗೆ ಮಣ್ಣೆರಚಬಹುದು. ಅರಮನೆಯವರೆಲ್ಲ ದಿನವೂ ಕಂಡಿರುವ ಹದಿಮೂರರ ಹುಡುಗನ ಜಾಗದಲ್ಲಿ ಇನ್ನೊಬ್ಬನನ್ನು ನಿಲ್ಲಿಸುವುದು ಸಾಧ್ಯವೆ? ಇಲ್ಲ, ಅವನೇ ಆ ಕೂಸೆಂದು ಇಟ್ಟುಕೊಂಡರೆ, ದಾಭೋಳಕ್ಕೆ ಬಂದು ಖಡ್ಗಪ್ರವೀಣನೆನಿಸಿ ಮಾರಾಟವಾದಾಗ ಅವನಿಗೆ ಒಂಬತ್ತು ಹತ್ತು ವರ್ಷಕ್ಕಿಂತ ಹೆಚ್ಚಾಗಿರಲಾರದು. ಆಟೊಮನ್ ಚರಿತ್ರಕಾರರಾದರೋ ಮುರಾದನಿಗೆ ಯೂಸುಫನೆಂಬ ಇಂತಹ ಮಗನಿದ್ದನೆಂಬುದನ್ನೇ ಅರಿಯರು. ವಿಜಾಪುರದ ಗುಮ್ಮಟಗಳ ಶಿಖರದ ಮೇಲಿರುವ ಅರ್ಧಚಂದ್ರವನ್ನು ತುರ್ಕಿಯ ರಾಜಲಾಂಛನವೆಂದು ತೋರಿಸಿ ಕಥೆಗೆ ಆಧಾರ ಕಟ್ಟಿದವರುಂಟು. ಕಟ್ಟಡಗಳು ಎದ್ದ ಕಾಲಕ್ಕೆ ಕಥೆಯು ಆಗಲೇ ಪ್ರಚಾರದಲ್ಲಿದ್ದರೆ ಲಾಂಛನವು ಕಥೆಯ ಮಗುವೇ ಹೊರತು ತಾಯಿಯಲ್ಲ. ಇತ್ತೀಚಿನ ವಿದ್ವಾಂಸರಲ್ಲಿ ಬಹುಮಂದಿ ಸಾವಾದ ತುರ್ಕಮಾನ್ ಮೂಲವನ್ನೇ ಒಪ್ಪುತ್ತಾರೆ.

ಹಾಗಾದರೆ ಈ ಕಥೆಗೆ 1600ರ ಆಸುಪಾಸಿನಲ್ಲಿ ಇಷ್ಟು ಬೆಲೆ ಬಂದುದೇಕೆ? ಉತ್ತರವು ಕಾನ್‌ಸ್ಟಾಂಟಿನೋಪಲಿನಲ್ಲಿಲ್ಲ, ಆಗ್ರಾದಲ್ಲಿದೆ. 1600ರಲ್ಲಿ ಅಹಮದ್‌ನಗರದ ಕೋಟೆಯು ಅಕ್ಬರನ ಸೈನ್ಯದ ವಶವಾಯಿತು. ವಿಜಾಪುರದ ಸರದಿ ಎಂದು ಬರುವುದೋ ಎಂದು ಎಲ್ಲರೂ ಎಣಿಸುತ್ತಿದ್ದರು. ತೈಮೂರನ ಸಂತತಿಯೆಂದು ಬೀಗುತ್ತಿದ್ದ ಮೊಗಲರು ವಿಜಾಪುರದ ದೊರೆಯನ್ನು 'ಷಹ' ಎನ್ನಲೊಪ್ಪದೆ, ಜಹಾಂಗೀರನ ಆತ್ಮಕಥೆಯಲ್ಲಿ ಕಾಣುವಂತೆ, ಬೀದರಿನ ಸರದಾರನಿಗಿದ್ದ ಹಳೆಯ 'ಆದಿಲ್ ಖಾನ್' ಎಂಬ ಬಿರುದಿನಿಂದಲೇ ಕರೆಯುತ್ತಿದ್ದರು. ಈ ತಿರಸ್ಕಾರಕ್ಕೆ ತಕ್ಕ ಪ್ರತ್ಯುತ್ತರವಾಗಬಲ್ಲ ವಂಶವು ಮುಸಲ್ಮಾನ ಲೋಕದಲ್ಲಿ ಒಂದೇ ಒಂದಿತ್ತು. ಅದು ರೂಮಿನ, ಎಂದರೆ ಆಟೊಮನ್ ತುರ್ಕಿಯ, ಸುಲ್ತಾನರ ವಂಶ. ಕಥೆಯಲ್ಲಿ ಅರ್ದಬೀಲು ಬರುವುದೂ ಆಕಸ್ಮಿಕವಲ್ಲ. ಯೂಸುಫನು 1502–03ರಲ್ಲಿ, ಎಂದರೆ ಪಾರಸೀಕದಲ್ಲಿ ಸಫವಿ ವಂಶದ ಇಸ್ಮಾಯಿಲನು ಷಿಯಾ ಮತವನ್ನು ರಾಜಮತವೆಂದು ಸಾರಿದ ಒಂದೆರಡು ವರ್ಷಗಳಲ್ಲಿಯೇ, ವಿಜಾಪುರದಲ್ಲಿ ಆ ಮತದ ಖುತ್ಬಾವನ್ನು, ಎಂದರೆ ಶುಕ್ರವಾರದ ಪ್ರವಚನವನ್ನು, ಓದಿಸಿದನು. ಸಫವಿಗಳ ಮೂಲಪೀಠವೇ ಅರ್ದಬೀಲು. ಹೀಗೆ ಸುನ್ನಿ ಚಕ್ರವರ್ತಿಯ ರಕ್ತ, ಷಿಯಾ ಗುರುವಿನ ಕೃಪೆ ಎರಡೂ ಒಬ್ಬನಲ್ಲಿಯೇ ಬಂದು ಸೇರುವಂತೆ ಕಥೆಯು ಹೆಣೆಯಲ್ಪಟ್ಟಿದೆ. ಇಷ್ಟೆಲ್ಲ ಶ್ರಮವು ಯಾವ ದೊರೆಗಾಗಿ ನಡೆಯಿತೋ ಆ ಇಬ್ರಾಹಿಮನು ಮಾತ್ರ ಸಂಗೀತದಲ್ಲಿ ಮುಳುಗಿದ್ದು, ತನ್ನ 'ಕಿತಾಬ್-ಇ-ನವರಸ್' ಎಂಬ ಗೀತಸಂಗ್ರಹದಲ್ಲಿ ಗಣಪತಿಯನ್ನು ತಂದೆಯೆಂದೂ ಸರಸ್ವತಿಯನ್ನು ತಾಯಿಯೆಂದೂ ಭಾವಿಸಿ ಹಾಡಿಕೊಂಡನು. ಆಸ್ಥಾನಪಂಡಿತರಿಗೆ ಇದರಿಂದ ಏನನ್ನಿಸಿತೋ!

ಯೂಸುಫನೊಬ್ಬನೇ ಅಲ್ಲ, ಬಹಮನಿ ರಾಜ್ಯದ ಅವಶೇಷದ ಮೇಲೆ ರಾಜ್ಯ ಕಟ್ಟಿದ ಸರದಾರರಲ್ಲಿ ಹೆಚ್ಚುಮಂದಿಯ ಹುಟ್ಟು ಹೀಗೆಯೇ ಮಂಜು ಕವಿದದ್ದು. ಅಹಮದ್‌ನಗರದ ನಿಜಾಮ್‌ಷಾಹಿಗೆ ಮೂಲನಾದ ಮಲಿಕ್ ಹಸನನು ಪಾಥ್ರಿಯ ಬ್ರಾಹ್ಮಣನ ಮಗ, ತಿಮ್ಮಾಭಟ್ಟನೆಂಬುದು ಅವನ ಹುಟ್ಟುಹೆಸರು, 'ಬಹ್ರಿ' ಎಂಬ ಅವನ ಅಡ್ಡಹೆಸರು ತಂದೆಯ ಹೆಸರಾದ 'ಭೈರವ' ಎಂಬುದರ ವಿಕಾರ, ಎಂದು ಫಿರಿಸ್ತಾ ಹೇಳುತ್ತಾನೆ. ವರ್ಹಾಡದ ಇಮಾದ್‌ಷಾಹಿಯನ್ನು ಸ್ಥಾಪಿಸಿದ ಫತುಲ್ಲನು ವಿಜಯನಗರದ ಸೀಮೆಯಲ್ಲಿ ಸೆರೆಸಿಕ್ಕಿದ ಕನ್ನಡ ಬ್ರಾಹ್ಮಣ ಬಾಲಕ. ಬೀದರಿನಲ್ಲಿಯೇ ಉಳಿದ ಕಾಸಿಂ ಬರೀದನು ಕೊಂಡುತಂದ ದಾಸ. ಗೋಲ್ಕೊಂಡದ ಸುಲ್ತಾನ್ ಕುಲಿಯ ತುರ್ಕಮಾನ್ ವಂಶವೊಂದು ಮಾತ್ರ ಹೆಚ್ಚು ಸಂಶಯಕ್ಕೆಡೆಯಿಲ್ಲದ್ದು. ಇವರೆಲ್ಲರೊಳಗೆ ನಡೆದ ಮದುವೆಗಳ ದೆಸೆಯಿಂದ ಕುಲದ ಪ್ರಶ್ನೆಯು ಎರಡು ತಲೆಮಾರಿನಲ್ಲಿಯೇ ಕರಗಿಹೋಯಿತು. ಯೂಸುಫನ ಪತ್ನಿ ಇಂದಾಪುರದ ಮರಾಠ ಸರದಾರ ಮುಕುಂದರಾಯನ ತಂಗಿ. ಅವಳ ಹೆಣ್ಣುಮಕ್ಕಳು ಮೂವರೂ ಅಹಮದ್‌ನಗರ, ವರ್ಹಾಡ, ಬೀದರುಗಳ ಅರಮನೆಗಳನ್ನು ಸೇರಿದರು. ಯಾರನ್ನು ಬೀದರಿನಲ್ಲಿ ಹಣಕ್ಕೆ ಮಾರಿದ್ದರೋ ಅವನ ಮಗಳು ಬೀದರಿನ ಸುಲ್ತಾನನ ರಾಣಿಯಾದಳು.

ಕುಲದ ಮಾತು ಬರಿಯ ಗ್ರಂಥಸ್ಥ ಕುತೂಹಲವಾಗಿ ಉಳಿಯದೆ ಕತ್ತಿಗೆ ಒರೆಗಲ್ಲಾದ ಸಂದರ್ಭವೂ ಈ ವಂಶಕ್ಕೆ ಒದಗಿತು. ಗೋಳಗುಮ್ಮಟದ ಮುಹಮ್ಮದ್ ಆದಿಲ್ ಷಹನು 1656ರಲ್ಲಿ ತೀರಿಕೊಂಡು ಎರಡನೆಯ ಅಲಿಯು ಪಟ್ಟವೇರಿದಾಗ, ದಖನಿನಲ್ಲಿ ಮೊಗಲರ ಪ್ರತಿನಿಧಿಯಾಗಿದ್ದ ಔರಂಗಜೇಬನು, ಹುಡುಗನು ಸತ್ತ ದೊರೆಯ ಔರಸಪುತ್ರನೇ ಅಲ್ಲ, ಅವನ ಹುಟ್ಟು ಯಾರಿಗೂ ತಿಳಿಯದು ಎಂಬ ನೆವವನ್ನೊಡ್ಡಿ ತಂದೆಯ ಅನುಮತಿ ಪಡೆದು ದಂಡೆತ್ತಿ ಬಂದನು. 1657ರಲ್ಲಿ ಬೀದರನ್ನೂ ಕಲ್ಯಾಣವನ್ನೂ ಹಿಡಿದನು. ಮೂಲಪುರುಷನ ತಂದೆಯನ್ನು ಕುರಿತ ಸಂದೇಹವನ್ನು ಅಷ್ಟು ಜಾಣತನದಿಂದ ಪರಿಹರಿಸಿಕೊಂಡಿದ್ದ ಮನೆತನವು, ಕಡೆಯವರ ತಂದೆಯನ್ನು ಕುರಿತ ಸಂದೇಹದ ಹೆಸರಿನಲ್ಲಿ ಬೀದರನ್ನು ಕಳೆದುಕೊಂಡಿತು. 1686ರಲ್ಲಿ ವಿಜಾಪುರವೂ ಹೋಯಿತು.

ಈ ವಂಶಕ್ಕೂ ಬೆಂಗಳೂರಿಗೂ ಇರುವ ಸಂಬಂಧವನ್ನು ಇಲ್ಲಿ ಹೇಳಬೇಕು. 1638ರಲ್ಲಿ ವಿಜಾಪುರದ ಸೇನಾನಿ ರಣದುಲ್ಲಾಖಾನನು ಬೆಂಗಳೂರನ್ನು ಮುತ್ತಿ ವಶಪಡಿಸಿಕೊಂಡು, ಅದು ಷಹಾಜಿ ಭೋಂಸಲೆಯ ಜಹಗೀರಾದಮೇಲೆ, ಆಗಿನ ಕೆಂಪೇಗೌಡನು ಪಶ್ಚಿಮಕ್ಕೆ ಸರಿದು ಮಾಗಡಿಯನ್ನು ತನ್ನ ನೆಲೆಮಾಡಿಕೊಂಡನು. ಈಗ ರಾಜಾಜಿನಗರ ಬಸವೇಶ್ವರನಗರಗಳನ್ನು ಬಲಕ್ಕೂ ವಿಜಯನಗರ ಬಡಾವಣೆಯನ್ನು ಎಡಕ್ಕೂ ಬಿಟ್ಟು ಬಸ್ಸುಗಳು ಹೋಗುವ ಮಾಗಡಿ ರಸ್ತೆಯ ದಿಕ್ಕು ಅದೇ. ಸಾವಾ ಪಟ್ಟಣದ ದಾಸನೊಬ್ಬನ ರಾಜ್ಯದ ಅಲೆಯು ಅಷ್ಟು ದೂರಕ್ಕೆ ಬಂದು ತಟ್ಟಿತ್ತೆಂಬುದನ್ನು, ಸಂಜೆಯ ವಾಹನಸಂದಣಿಯಲ್ಲಿ ಸಿಕ್ಕಿ ನಿಂತವರು ನೆನೆಯುವುದು ಅಪರೂಪ. ವಿಜಾಪುರ ಬಿದ್ದ ಮರುವರ್ಷ, 1687ರಲ್ಲಿ, ಮೊಗಲ ಸರದಾರ ಕಾಸಿಂಖಾನನ ಕೈಗೆ ಬಂದ ಬೆಂಗಳೂರು ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ದಕ್ಕಿತು. ಎಪ್ಪತ್ತು ವರ್ಷಗಳ ತರುವಾಯ, ಕುಲದ ವಿಷಯದಲ್ಲಿ ಯೂಸುಫನಷ್ಟೇ ವಿವಾದಾಸ್ಪದನಾದ ಇನ್ನೊಬ್ಬ ಸರದಾರನ ಜಹಗೀರಾಯಿತು. ಅವನೇ ಹೈದರ್.

ಹೈದರನ ತಂದೆ ಯಾರೆಂಬುದರಲ್ಲಿ ಸಂದೇಹವಿಲ್ಲ. ಕೋಲಾರದ ಕಡೆಯ ಬೂದಿಕೋಟೆಯಲ್ಲಿದ್ದ, ಶಿರಾ ನವಾಬನ ಪರವಾಗಿ ಕಾದಿ ಮಡಿದ, ಫತೇ ಮುಹಮ್ಮದ್. ವಿವಾದವೆಲ್ಲ ಅದಕ್ಕಿಂತ ಮೇಲಿನ ತಲೆಗಳದ್ದು. ಆಂಗ್ಲ ಸೇನಾಧಿಕಾರಿ ಮಾರ್ಕ್ ವಿಲ್ಕ್ಸ್ 1810ರಲ್ಲಿ ಬರೆದಂತೆ ಪೂರ್ವಿಕನು ಪಂಜಾಬಿನಿಂದ ಅಳಂದಕ್ಕೆ ಬಂದು ಫಕೀರರ ಮಠ ಕಟ್ಟಿಕೊಂಡವನು, ಮಕ್ಕಳು ಶಿರಾದ ಸುಂಕದ ಕಟ್ಟೆಯ ಜವಾನರು. ಹೈದರನ ಮಗ ಟಿಪ್ಪುವಿನ ಪತನಾನಂತರ ಪಾರಸಿಯಲ್ಲಿ ಬರೆದ ಕಿರ್ಮಾನಿಯ ಪ್ರಕಾರ ದೆಹಲಿಯಿಂದ ಕಲಬುರ್ಗಿಗೆ ಬಂದು ಬಂದೇನವಾಜರ ದರ್ಗಾದ ಆಶ್ರಯ ಪಡೆದ ಗೌರವಸ್ಥರು. ಟಿಪ್ಪುವಿನ ಮನೆಯವರು ಗಡೀಪಾರಾಗಿದ್ದ ಕಲ್ಕತ್ತೆಯಲ್ಲಿ 1848ರಲ್ಲಿ ಹೊರಬಂದ 'ಕಾರ್‌ನಾಮಾ-ಇ-ಹೈದರಿ'ಯ ಪ್ರಕಾರ ಪ್ರವಾದಿಗಳ ಕುಲವಾದ ಕುರೈಷ್ ಬುಡಕಟ್ಟಿನವರು. ರಾಜ್ಯ ಹೋದ ಮೇಲೆ ವಂಶವು ಮೆಕ್ಕೆಯವರೆಗೆ ಮುಟ್ಟಿತು! ಹೈದರನು ಬದುಕಿದ್ದಾಗ ಈಸ್ಟ್ ಇಂಡಿಯಾ ಕಂಪನಿಯ ಕಾಗದಪತ್ರಗಳು ಅವನನ್ನು 'ಹೈದರ್ ನಾಯಕ' ಎನ್ನುತ್ತಿದ್ದುವು; ಪಾಳೆಯಗಾರರ ನಾಡಿನಲ್ಲಿ ಗೌರವವಾಚಕವಾದ ಆ ಶಬ್ದವು ಅವರ ಬಾಯಲ್ಲಿ ಪದಾತಿಗಳ ಮೇಸ್ತ್ರಿ ಎಂಬ ಅರ್ಥದ್ದು. ಮುಂದೆ ಟಿಪ್ಪುವು ನಿಜಾಮನೊಡನೆ ಮದುವೆಯ ಸಂಬಂಧ ಬೆಳೆಸಬಯಸಿದಾಗ, ನಾಯಕನ ಮಗನಿಗೆ ಹೆಣ್ಣೇ ಎಂದು ಹೈದರಾಬಾದು ತಿರಸ್ಕರಿಸಿದುದನ್ನೂ ವಿಲ್ಕ್ಸನೇ ಹೇಳುತ್ತಾನೆ.

ತಂದೆ ಸತ್ತಾಗ ಎಳೆಯನಾಗಿದ್ದ ಹೈದರನನ್ನೂ ಅವನ ಅಣ್ಣನನ್ನೂ ದೊಡ್ಡಬಳ್ಳಾಪುರದ ಜಹಗೀರ್‌ದಾರ ಅಬ್ಬಾಸ್ ಕುಲಿಖಾನನು ಸಾಲದ ನೆವದಿಂದ ನಗಾರಿಯೊಳಗೆ ಕೂಡಿ ಹಿಂಸಿಸಿದನೆಂಬ ಕಥೆಯಿದೆ. ಅದೇ ಹೈದರನು 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ಕಣ್ಣಿಗೆ ಬಿದ್ದು, 50 ಕುದುರೆ 200 ಕಾಲಾಳುಗಳ ನಾಯಕತ್ವದಿಂದ ಮೈಸೂರಿನ ಸೇವೆಯಲ್ಲಿ ಮೇಲಕ್ಕೆ ಬಂದು, 1761ರಲ್ಲಿ ಮೈಸೂರಿನ ಸರ್ವಾಧಿಕಾರವನ್ನು ಹಿಡಿದನು. ಆ ವರ್ಷವೇ ನಿಜಾಮನ ಸೋದರ ಬಸಾಲತ್ ಜಂಗನಿಗೆ 3 ಲಕ್ಷ ರೂಪಾಯಿ ಕೊಟ್ಟು, ತನ್ನ ತಂದೆ ಯಾವ ಶಿರಾಕ್ಕಾಗಿ ಸತ್ತನೋ ಆ ಶಿರಾದ ನವಾಬಗಿರಿಯನ್ನು ಕೊಂಡನು. ಕುಲವಿಲ್ಲದವನೆಂದು ಹಂಗಿಸಿಕೊಂಡ ಇವನು ಕಡೆಗೆ ಒಡೆಯರ ಕುಲವನ್ನು ಆರಿಸುವವನಾದನು: 1776ರಲ್ಲಿ ದೊರೆಯು ಮಕ್ಕಳಿಲ್ಲದೆ ತೀರಿಕೊಳ್ಳಲು, ಅರಸು ಮನೆತನಗಳ ಹುಡುಗರನ್ನೆಲ್ಲ ಒಂದು ಹಜಾರಕ್ಕೆ ಕರೆಯಿಸಿ, ಹಣ್ಣು, ಮಿಠಾಯಿ, ಆಟಿಕೆ, ಆಯುಧಗಳನ್ನು ಹರಡಿಸಿ, ಎಲ್ಲವನ್ನೂ ಬಿಟ್ಟು ಪುಟ್ಟ ಕಠಾರಿಯನ್ನು ಕೈಗೆತ್ತಿಕೊಂಡವನನ್ನೇ ರಾಜನೆಂದು ಸಾರಿದನೆಂದು ಪ್ರತೀತಿ. ಆ ಬಾಲಕನೇ ಖಾಸಾ ಚಾಮರಾಜ ಒಡೆಯರು, ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ.

ಯೂಸುಫನ ಸಮಾಧಿ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಚಂದಾ ಹುಸೇನಿ ದರ್ಗಾದ ಬಳಿ ಇದೆ. ವಿಜಾಪುರದಲ್ಲಿ ವಂಶಜರು ಕಟ್ಟಿಸಿಕೊಂಡ ಗುಮ್ಮಟಗಳ ವೈಭವದ ಲೇಶವೂ ಅಲ್ಲಿಲ್ಲ. ಹೈದರನ ತಂದೆ ಮಲಗಿರುವುದು ಕೋಲಾರದಲ್ಲಿ. 1782ರಲ್ಲಿ ಚಿತ್ತೂರಿನ ಬಳಿ ದಂಡಿನಲ್ಲಿಯೇ ಮೃತನಾದ ಹೈದರನ ಶರೀರವನ್ನೂ ಮೊದಲು ಅಲ್ಲಿಗೇ ಒಯ್ದು ಅನಂತರ ಶ್ರೀರಂಗಪಟ್ಟಣಕ್ಕೆ ತಂದರು. ಅವನಿಗೆ ಓದುಬರಹ ಬರುತ್ತಿರಲಿಲ್ಲ. ತನ್ನ ಹೆಸರಿನ ಮೊದಲ ಅಕ್ಷರವೊಂದನ್ನು, ಅದನ್ನೂ ತಲೆಕೆಳಗಾಗಿ, ಬರೆಯಲು ಕಲಿತು ಅದನ್ನೇ ರುಜುವಾಗಿ ಹಾಕುತ್ತಿದ್ದನೆಂದು ಹೇಳುತ್ತಾರೆ. ಇಕ್ಕೇರಿಯವರ ಮಾದರಿಯಲ್ಲಿ ಅವನು ಅಚ್ಚುಹಾಕಿಸಿದ ಚಿನ್ನದ ವರಹದ ಒಂದು ಮುಖದಲ್ಲಿ ಶಿವಪಾರ್ವತಿಯರು ಕುಳಿತಿದ್ದಾರೆ. ಇನ್ನೊಂದು ಮುಖದಲ್ಲಿ ತಂದೆಯ ಹೆಸರಾಗಲಿ ಬಿರುದಾಗಲಿ ಇಲ್ಲದೆ, ಪಾರಸಿ ಲಿಪಿಯ ಆ 'ಹ' ಅಕ್ಷರವೊಂದೇ ಇದೆ.